ಗಿಂಬಲ್ ಹಿಡಿದು ಬದುಕೋದು ಹೇಗೆ? ಒಬ್ಬ ಬಿ.ಕಾಂ. ಹುಡುಗನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿದ್ರೆ ಕಿಟಕಿ ಪಕ್ಕ ಸೀಟ್ ಹಿಡ್ಕೊಳ್ಳಿ, ಮೆಟ್ರೋದಲ್ಲಿದ್ರೆ ಇಯರ್‌ಫೋನ್ ಸರಿಯಾಗಿ ಸಿಗಿಸ್ಕೊಳ್ಳಿ. ಇವತ್ತು ಸ್ವಲ್ಪ ಲೆಕ್ಕ ಇದೆ, ಮಧ್ಯದಲ್ಲಿ ಒಂದು ನಿಮಿಷ ತಪ್ಪಿಸ್ಕೊಂಡ್ರೆ ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತೆ.

ಫ್ರೀಲಾನ್ಸ್ ಕೆಲಸದ ಬಗ್ಗೆ ಮಾಡಿದ ಸಂಚಿಕೆ ಆದಮೇಲೆ ತುಂಬಾ ಮೆಸೇಜ್ ಬಂತು. ಅದರಲ್ಲಿ ಹಾಸನದ ಕಡೆಯ ಒಬ್ಬ ಹುಡುಗ ಕಳಿಸಿದ ವಾಯ್ಸ್ ನೋಟ್ ನನ್ನ ತಲೆಯಿಂದ ಹೋಗಲಿಲ್ಲ. ಮೊಬೈಲ್ ಅಂಗಡಿಯಲ್ಲಿ ಕೆಲಸ, ತಿಂಗಳಿಗೆ 16 ಸಾವಿರ ಸಂಬಳ. ಭಾನುವಾರ ಮದುವೆ ಶೂಟ್‌ಗೆ ಸ್ನೇಹಿತನ ಜೊತೆ ಹೋಗ್ತಾನೆ. ಗಿಂಬಲ್ ಆಪರೇಟರ್ ಆಗಬೇಕು ಅಂತ ಆಸೆ. ಇಎಂಐನಲ್ಲಿ ಗಿಂಬಲ್ ತಗೊಂಡು ಅಂಗಡಿ ಕೆಲಸ ಬಿಡೋಣ ಅಂತಿದೀನಿ, ಸರಿನಾ ಅಂತ ಕೇಳಿದ್ದಾನೆ. ಅಪ್ಪ ಒಪ್ತಿಲ್ಲವಂತೆ.

ನಾನು ಸಿನಿಮಾ ಶಾಲೆಯಲ್ಲಿ ಓದಿದವನಲ್ಲ, ಬಿ.ಕಾಂ. ಮಾಡಿದವನು. ಎರಡು ವರ್ಷ ಆಡಿಟರ್ ಆಫೀಸಿನಲ್ಲಿ ವೋಚರ್ ಎಂಟ್ರಿ ಮಾಡ್ದೆ. ಆಮೇಲೆ ಈ ಪಾಡ್‌ಕಾಸ್ಟ್ ಶುರುವಾಯ್ತು. ಈ ಪಾಡ್‌ಕಾಸ್ಟಿನ ಮೈಕು, ಇಂಟರ್ನೆಟ್ಟು, ನನ್ನ ರೂಮಿನ ಬಾಡಿಗೆ, ಇದಕ್ಕೆಲ್ಲ ದುಡ್ಡು ಬರ್ತಿರೋದು ಮೂರು ಸೀಸನ್‌ನಿಂದ ಮದುವೆಗಳಲ್ಲಿ, ಆಫೀಸ್ ಕಾರ್ಯಕ್ರಮಗಳಲ್ಲಿ ನಾನು ಮಾಡ್ತಿರೋ ಗಿಂಬಲ್ ಕೆಲಸದಿಂದ. ಹಾಗಾಗಿ ಎರಡೂ ಕಡೆಯಿಂದ ಮಾತಾಡ್ತೀನಿ. ಒಂದು ಕೈಯಲ್ಲಿ ಗಿಂಬಲ್, ಇನ್ನೊಂದು ಕೈಯಲ್ಲಿ ಕ್ಯಾಲ್ಕುಲೇಟರ್.

ಮೊದಲು ಈ ಸ್ಟೆಬಿಲೈಸರ್ ಅನ್ನೋದು ಏನು ಅಂತ ನೋಡೋಣ.

1970ರ ದಶಕದವರೆಗೂ ಕ್ಯಾಮೆರಾ ಅಲುಗಾಡದೆ ಚಲಿಸಬೇಕು ಅಂದ್ರೆ ನೆಲಕ್ಕೆ ಹಳಿ ಹಾಕಿ, ಟ್ರಾಲಿ ಮೇಲೆ ಕ್ಯಾಮೆರಾ ಇಟ್ಟು ತಳ್ಳಬೇಕಿತ್ತು. ಅದು ಬೇಡ ಅಂದ್ರೆ ಕೈಯಲ್ಲಿ ಹಿಡಿದು ನಡೀಬೇಕು, ಚಿತ್ರ ಕುಣಿಯುತ್ತೆ. ಅಮೆರಿಕದ ಗ್ಯಾರೆಟ್ ಬ್ರೌನ್ ಅನ್ನೋ ಕ್ಯಾಮೆರಾಮನ್ ಇದಕ್ಕೆ ಒಂದು ಉಪಾಯ ಮಾಡಿದ್ರು. ಮೈಗೆ ಒಂದು ವೆಸ್ಟ್, ಅದಕ್ಕೆ ಸ್ಪ್ರಿಂಗ್ ಇರೋ ಒಂದು ತೋಳು, ತೋಳಿನ ತುದಿಗೆ ಒಂದು ಕಂಬ. ಕಂಬದ ಮೇಲ್ಗಡೆ ಕ್ಯಾಮೆರಾ, ಕೆಳಗಡೆ ಬ್ಯಾಟರಿ ಮತ್ತು ಮಾನಿಟರ್. ತಕ್ಕಡಿ ಥರ ಭಾರ ಹಂಚಿಬಿಟ್ರು. ಅದೇ ಸ್ಟೆಡಿಕ್ಯಾಮ್.

ಇದರಲ್ಲಿ ನಮಗೆ ಬೇಕಾದ ಒಂದು ಪಾಠ ಇದೆ. ಬ್ರೌನ್ ತಾನು ಕಂಡುಹಿಡಿದದ್ದನ್ನ ಮಾರೋಕೆ ದೊಡ್ಡ ಭಾಷಣ ಮಾಡಲಿಲ್ಲ. ಬೇರೆ ಯಾವ ಉಪಕರಣದಿಂದಲೂ ಆಗದಂಥ ಶಾಟ್‌ಗಳನ್ನ ತೆಗೆದು ಒಂದು ಚಿಕ್ಕ ರೀಲ್ ಮಾಡಿದ್ರು. ಅದರಲ್ಲಿ ತನ್ನ ಗೆಳತಿ ಫಿಲಡೆಲ್ಫಿಯಾದ ಮ್ಯೂಸಿಯಂ ಮೆಟ್ಟಿಲು ಓಡೋ ದೃಶ್ಯ ಇತ್ತು. ನಿರ್ದೇಶಕ ಜಾನ್ ಅವಿಲ್ಡ್‌ಸನ್ ಅದನ್ನ ನೋಡಿದ್ರು. 1976ರ ‘ರಾಕಿ’ ಸಿನಿಮಾದಲ್ಲಿ ಹೀರೋ ಅದೇ ಮೆಟ್ಟಿಲು ಹತ್ತಿ ಓಡ್ತಾನೆ. ಇವತ್ತಿಗೂ ಪ್ರವಾಸಿಗರು ಅಲ್ಲಿಗೆ ಹೋಗಿ ಓಡ್ತಾರೆ. ಅಂದ್ರೆ ಶೋರೀಲ್ ಅನ್ನೋದು ಬರೀ ಕೆಲಸ ಕೊಡಿಸಲಿಲ್ಲ, ಸಿನಿಮಾದೊಳಗಿನ ಒಂದು ದೃಶ್ಯವನ್ನೇ ಹುಟ್ಟಿಸ್ತು. ಶೋರೀಲ್ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ ನಾವು ಹಿಡಿಯೋ ಗಿಂಬಲ್ ಬೇರೆ. ಅದರಲ್ಲಿ ಮೂರು ಮೋಟರ್ ಇರುತ್ತೆ. 2013ರಲ್ಲಿ ಫ್ರೀಫ್ಲೈ ಕಂಪನಿಯ ಮೋವಿ ಬಂತು, ಮರುವರ್ಷ ಡಿಜೆಐನ ರೋನಿನ್ ಬಂತು. ಅಲ್ಲಿಂದ ಬೆಲೆ ಇಳೀತಾ, ತೂಕ ಇಳೀತಾ, ಇವತ್ತು ತಾಲೂಕು ಕೇಂದ್ರದ ಸ್ಟುಡಿಯೋದಲ್ಲೂ ಒಂದು ಗಿಂಬಲ್ ಇದೆ. ಆದ್ರೆ ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಗಿಂಬಲ್ ಸರಿ ಮಾಡೋದು ಮೂರೇ ಚಲನೆಯನ್ನ. ಕ್ಯಾಮೆರಾ ಮೇಲೆ ಕೆಳಗೆ ಬಾಗೋದು, ಪಕ್ಕಕ್ಕೆ ವಾಲೋದು, ಎಡ ಬಲ ತಿರುಗೋದು. ನೀವು ಹೆಜ್ಜೆ ಇಟ್ಟಾಗ ಇಡೀ ಕ್ಯಾಮೆರಾ ಎರಡು ಇಂಚು ಮೇಲೆ ಕೆಳಗೆ ಹೋಗುತ್ತಲ್ಲ, ಅದನ್ನ ಮೋಟರ್ ಹಿಡಿಯಲ್ಲ. ಸ್ಟೆಡಿಕ್ಯಾಮ್‌ನಲ್ಲಿ ಅದನ್ನ ಆ ಸ್ಪ್ರಿಂಗ್ ತೋಳು ನುಂಗುತ್ತೆ. ಗಿಂಬಲ್‌ನಲ್ಲಿ ಅದನ್ನ ನುಂಗಬೇಕಾಗಿರೋದು ನಿಮ್ಮ ಮೊಣಕಾಲು.

ಗಿಂಬಲ್ ತಗೊಂಡವರೆಲ್ಲ ಆಪರೇಟರ್ ಯಾಕೆ ಆಗಲ್ಲ ಅಂದ್ರೆ ಉತ್ತರ ಇಲ್ಲೇ ಇದೆ. ಮೆಷಿನ್ ದುಡ್ಡಿಗೆ ಸಿಗುತ್ತೆ, ಮೊಣಕಾಲು ಸಿಗಲ್ಲ.

ಹಾಗಾದ್ರೆ ಕಲಿಯೋದು ಹೇಗೆ? ನಾನು ಒಂದು ದಿನದ ಬಾಡಿಗೆಗೆ ಗಿಂಬಲ್ ತಂದು ನಮ್ಮ ಬಿಲ್ಡಿಂಗಿನ ಟೆರೇಸ್ ಮೇಲೆ ಕಲಿತೆ. ಪಾರ್ಕಿಗೆ ಹೋದ್ರೆ ಸೆಕ್ಯೂರಿಟಿಯವರು ಪರ್ಮಿಷನ್ ಎಲ್ಲಿ ಅಂತಾರೆ. ಟೆರೇಸಲ್ಲಿ ಕೇಳೋರು ಬಟ್ಟೆ ಒಣಗಿಸೋಕೆ ಬರೋ ಆಂಟಿ ಒಬ್ರೇ.

ಮೊದಲನೇ ಪಾಠ ಬ್ಯಾಲೆನ್ಸ್. ಲೆನ್ಸ್, ಬ್ಯಾಟರಿ, ಮೆಮೊರಿ ಕಾರ್ಡ್, ಫಿಲ್ಟರ್ ಎಲ್ಲಾ ಹಾಕಿದ ಮೇಲೇ ಬ್ಯಾಲೆನ್ಸ್ ಮಾಡಬೇಕು. ಲೆನ್ಸ್ ಕ್ಯಾಪ್ ತೆಗೆದಿರಬೇಕು. ಮೋಟರ್ ಆಫ್ ಇರುವಾಗ ಮೊದಲು ಟಿಲ್ಟ್, ಆಮೇಲೆ ರೋಲ್, ಕೊನೆಗೆ ಪ್ಯಾನ್. ಕ್ಯಾಮೆರಾವನ್ನ ಯಾವ ಕೋನದಲ್ಲಿ ಬಿಟ್ರೂ ಅದು ಅಲ್ಲೇ ನಿಲ್ಲಬೇಕು. ಸರಿಯಾಗಿ ಬ್ಯಾಲೆನ್ಸ್ ಆಗದೆ ಆನ್ ಮಾಡಿದ್ರೂ ಗಿಂಬಲ್ ಕೆಲಸ ಮಾಡುತ್ತೆ, ಅದೇ ಅಪಾಯ. ಮೋಟರ್ ಸುಮ್ಮನೆ ದುಡೀತಾ ಬಿಸಿಯಾಗುತ್ತೆ, ಬ್ಯಾಟರಿ ಬೇಗ ಮುಗಿಯುತ್ತೆ, ಮುಖ್ಯವಾದ ಹೊತ್ತಲ್ಲಿ ನಡುಕ ಶುರುವಾಗುತ್ತೆ. ಈ ಬ್ಯಾಲೆನ್ಸ್ ಐದು ನಿಮಿಷದೊಳಗೆ ಮುಗಿಸೋಕೆ ಬರೋವರೆಗೂ ದಿನಾ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ.

ಎರಡನೇ ಪಾಠ ನಡಿಗೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೊದಲು, ಆಮೇಲೆ ಪಾದ ಉರುಳಿಸ್ತಾ ಬೆರಳು. ಕೈಯಲ್ಲಿ ತುಂಬಿದ ಸಾರಿನ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬಡಿಸೋರು ನಡೀತಾರಲ್ಲ, ಆ ಥರ. ಮುಂದಕ್ಕೆ ನಡೆಯೋದು ಬಂದಮೇಲೆ ಹಿಂದಕ್ಕೆ ನಡೀರಿ. ಆಮೇಲೆ ಮೆಟ್ಟಿಲು ಹತ್ತಿ, ಇಳೀರಿ. ಕಲಿಯೋವಾಗ ಸ್ಲೋಮೋಷನ್ ಹಾಕ್ಬೇಡಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50ರಲ್ಲೇ ಶೂಟ್ ಮಾಡಿ. ಸ್ಲೋಮೋಷನ್ ನಿಮ್ಮ ಹೆಜ್ಜೆಯನ್ನ ಮುಚ್ಚಿಹಾಕುತ್ತೆ, ಏನು ಸರಿಯಿಲ್ಲ ಅಂತ ಗೊತ್ತೇ ಆಗಲ್ಲ.

ಮೂರನೇ ಪಾಠ, ಶಾಟ್‌ಗೆ ಒಂದು ಶುರು, ಒಂದು ಕೊನೆ ಇರಬೇಕು. ಸುಮ್ಮನೆ ಸುತ್ತೋದು ಶಾಟ್ ಅಲ್ಲ.

ಮದುವೆ ಉದಾಹರಣೆ ಕೊಡ್ತೀನಿ. ನಮ್ಮ ಕಡೆ ಮದುವೆಯಲ್ಲಿ ಜೀರಿಗೆ ಬೆಲ್ಲದ ಹೊತ್ತು ಬರುತ್ತೆ. ಮಧ್ಯೆ ಅಂತರಪಟ ಹಿಡಿದಿರ್ತಾರೆ. ಗಂಡು ಆ ಕಡೆ, ಹೆಣ್ಣು ಈ ಕಡೆ. ಪಟ ಸರಿದ ತಕ್ಷಣ ಇಬ್ಬರ ಮುಖ. ಇದು ಜೀವನದಲ್ಲಿ ಒಂದೇ ಸಲ ಆಗೋದು, ಪುರೋಹಿತರಿಗೆ ‘ಒನ್ ಮೋರ್’ ಅನ್ನೋಕಾಗಲ್ಲ. ನೀವು ಬಟ್ಟೆಯ ಅಂಚಿಂದ ಶುರು ಮಾಡಿ, ಅದು ಸರಿಯೋ ಹೊತ್ತಿಗೆ ಹುಡುಗಿಯ ಕಣ್ಣಿಗೆ ಬಂದು ನಿಂತಿರಬೇಕು. ಅದಕ್ಕೆ ಪಟ ಯಾವ ಕಡೆಗೆ ಸರಿಸ್ತಾರೆ ಅಂತ ಪಟ ಹಿಡಿದಿರೋ ಮಾವನ ಹತ್ರ ಮೊದಲೇ ಕೇಳ್ಕೊಂಡಿರಬೇಕು. ಆಮೇಲೆ ಗಟ್ಟಿಮೇಳ. ವಾದ್ಯ ಏರಿದ ಕ್ಷಣ ಇಡೀ ಮಂಟಪ ಎದ್ದು ನಿಲ್ಲುತ್ತೆ, 200 ಮೊಬೈಲು ಮೇಲಕ್ಕೆ ಬರುತ್ತೆ, ಅಕ್ಷತೆ ಮಳೆ ಥರ ಬೀಳುತ್ತೆ. ಅವಾಗ ಜಾಗ ಹುಡುಕೋಕೆ ಹೋದ್ರೆ ಸಿಗೋದು ಬೆನ್ನುಗಳು ಮಾತ್ರ. ಹತ್ತು ನಿಮಿಷ ಮೊದಲೇ ಜಾಗ ಹಿಡಿದು ನಿಂತಿರಬೇಕು. ಗಟ್ಟಿಮೇಳ ಮುಗಿದ ಮೇಲೆ ಗಿಂಬಲ್ ಸಂದಿಯಲ್ಲಿ ಸಿಕ್ಕ ಅಕ್ಕಿಕಾಳು ತೆಗೀಬೇಕು. ಇದು ಯಾವ ಕೋರ್ಸಿನಲ್ಲೂ ಹೇಳ್ಕೊಡಲ್ಲ.

ಕೋರ್ಸ್ ಅಂದಾಗ ಒಂದು ಮಾತು. ಬೆಂಗಳೂರಿಗೆ ಕ್ಯಾಮೆರಾ ಕಲಿಸೋದು ಹೊಸದೇನಲ್ಲ. ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ ಸಿನಿಮಾಗಳ ಛಾಯಾಗ್ರಾಹಕರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು, ಕಲಿತದ್ದು ಇಲ್ಲಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಗೋವಿಂದ್ ನಿಹಲಾನಿ ಕೂಡ ಅಲ್ಲೇ ಓದಿದ್ದು. ಈಗ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ. ಪಿಯುಸಿ ವಯಸ್ಸಲ್ಲಿರೋ ಕೇಳುಗರು ಖಾಸಗಿ ಕೋರ್ಸಿಗೆ ಲಕ್ಷ ಲಕ್ಷ ಕಟ್ಟೋಕೆ ಮುಂಚೆ ಅಲ್ಲಿ ಒಮ್ಮೆ ವಿಚಾರಿಸಿ.

ಈಗ ಲೆಕ್ಕಕ್ಕೆ ಬರೋಣ. ಹಾಸನದ ಹುಡುಗ, ಇದು ನಿಂಗೆ.

ಸುಲಭ ಆಗ್ಲಿ ಅಂತ ನಾನೇ ಸಂಖ್ಯೆ ಇಟ್ಕೊಳ್ತೀನಿ, ನಿಮ್ಮ ಊರಿನ ರೇಟು ಹಾಕಿ ನೀವು ಮತ್ತೆ ಮಾಡ್ಕೊಳ್ಳಿ. ಗಿಂಬಲ್ ಬೆಲೆ 60 ಸಾವಿರ. ಎರಡು ವರ್ಷ ಬಳಸಿ 25 ಸಾವಿರಕ್ಕೆ ಮಾರ್ತೀರಿ. ಅಂದ್ರೆ ಸವೆದದ್ದು 35 ಸಾವಿರ, ವರ್ಷಕ್ಕೆ 17,500. ರಿಪೇರಿ, ಪ್ಲೇಟು, ಕೇಬಲ್ಲು ಅಂತ ವರ್ಷಕ್ಕೆ 2,500 ಸೇರಿಸಿ. ಒಟ್ಟು 20 ಸಾವಿರ. ಅದೇ ಗಿಂಬಲ್ ಬಾಡಿಗೆಗೆ ತಂದ್ರೆ ದಿನಕ್ಕೆ ಸಾವಿರ ಅಂದ್ಕೊಳ್ಳಿ. ಹಾಗಾದ್ರೆ ವರ್ಷಕ್ಕೆ 20 ದಿನಕ್ಕಿಂತ ಕಡಿಮೆ ಕೆಲಸ ಇದ್ರೆ ಬಾಡಿಗೆ ಲಾಭ, 20 ದಿನ ದಾಟಿದ್ರೆ ಸ್ವಂತದ್ದು ಲಾಭ.

‘ಅಯ್ಯೋ, 20 ದಿನ ತಾನೇ, ತಗೊಂಡೇಬಿಡೋಣ’ ಅಂದ್ರಾ? ನಿಲ್ಲಿ. ಆಡಿಟರ್ ಆಫೀಸಿನಲ್ಲಿ ನಾನು ಕಲಿತ ಒಂದೇ ಒಂದು ದೊಡ್ಡ ವಿಷಯ ಏನಂದ್ರೆ, ಲಾಭ ಬೇರೆ, ಕೈಯಲ್ಲಿರೋ ದುಡ್ಡು ಬೇರೆ. 60 ಸಾವಿರವನ್ನ 12 ಕಂತು ಮಾಡಿದ್ರೆ ತಿಂಗಳಿಗೆ 5 ಸಾವಿರ, ಮೇಲೆ ಬಡ್ಡಿ. ಮದುವೆ ಕೆಲಸ ತಿಂಗಳು ತಿಂಗಳು ಸಮನಾಗಿ ಬರಲ್ಲ. ಮಾಘದಿಂದ ಜ್ಯೇಷ್ಠದವರೆಗೆ ಮುಹೂರ್ತಗಳು ಜಾಸ್ತಿ, ಕಾರ್ತಿಕ, ಮಾರ್ಗಶಿರದಲ್ಲಿ ಮತ್ತೆ ಬರುತ್ತೆ. ಆಷಾಢದಲ್ಲಿ ನಿಂತುಹೋಗುತ್ತೆ. ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಬ್ಯಾಂಕಿನವರಿಗೆ ಮಾತ್ರ ಆಷಾಢ ಇಲ್ಲ. ಕಂತು 5ನೇ ತಾರೀಕು ಹೋಗೇ ಹೋಗುತ್ತೆ.

ಅದಕ್ಕೆ ನನ್ನ ಉತ್ತರ ಇದು. ಅಂಗಡಿ ಕೆಲಸ ಈಗಲೇ ಬಿಡಬೇಡ. ಒಂದು ಪೂರ್ತಿ ಸೀಸನ್ ಬಾಡಿಗೆ ಗಿಂಬಲ್‌ನಲ್ಲಿ ಭಾನುವಾರ ಮತ್ತು ರಜೆ ದಿನ ಕೆಲಸ ಮಾಡು. ಒಂದು ನೋಟ್‌ಬುಕ್ಕಲ್ಲಿ ಎಷ್ಟು ದಿನ, ಎಷ್ಟು ಬಂತು, ಯಾವಾಗ ಬಂತು ಅಂತ ಬರಿ. 20 ದಿನ ದಾಟಿದೆ, ಮತ್ತು ಮೂರು ತಿಂಗಳ ಖರ್ಚು, ಕಂತು ಸೇರಿ, ಬ್ಯಾಂಕಲ್ಲಿ ಬೇರೆ ಇಟ್ಟಿದ್ದೀಯ ಅಂದ್ರೆ ತಗೋ. ಆ ಪುಸ್ತಕವನ್ನ ಅಪ್ಪನಿಗೆ ತೋರಿಸು. ನಿಮ್ಮಪ್ಪ ಕೇಳ್ತಿರೋದು ಗಿಂಬಲ್ ಬಗ್ಗೆ ಅಲ್ಲ, ಆಷಾಢದ ಬಗ್ಗೆ.

ಇನ್ನು ಕೆಲಸ ಹುಡುಕೋದು. ಇದಕ್ಕೂ ಪಂಚಾಂಗವೇ ಬೇಕು, ತಮಾಷೆ ಮಾಡ್ತಿಲ್ಲ. ಒಳ್ಳೆ ಮುಹೂರ್ತ ಇರೋ ದಿನ ಒಂದೇ ಊರಲ್ಲಿ ಎಲ್ಲಾ ಛತ್ರಗಳೂ ಫುಲ್. ಅವತ್ತು ಹಳೇ ಆಪರೇಟರ್‌ಗಳೆಲ್ಲ ಬುಕ್ ಆಗಿರ್ತಾರೆ. ಸ್ಟುಡಿಯೋದವರು ಜನಕ್ಕಾಗಿ ಹುಡುಕಾಡ್ತಿರ್ತಾರೆ. ಹೊಸಬರಿಗೆ ಬಾಗಿಲು ತೆಗೆಯೋದು ಅವತ್ತೇ. ಕ್ಯಾಲೆಂಡರ್ ನೋಡಿ ಅಂಥ ದಿನ ಗುರುತು ಮಾಡ್ಕೊಳ್ಳಿ. ಮೂರು ವಾರ ಮುಂಚೆ ನಿಮ್ಮ ಸುತ್ತಮುತ್ತಲಿನ ಸ್ಟುಡಿಯೋಗಳಿಗೆ ಮೆಸೇಜ್ ಹಾಕಿ. ‘ಸರ್ ಕೆಲಸ ಇದ್ರೆ ಹೇಳಿ’ ಅನ್ನಬೇಡಿ. ‘ಇಂಥ ತಾರೀಕು ಖಾಲಿ ಇದೀನಿ, ಈ ಗಿಂಬಲ್, ಈ ಕ್ಯಾಮೆರಾ ಗೊತ್ತು, ಇದು ನನ್ನ ಒಂದು ನಿಮಿಷದ ವಿಡಿಯೋ’ ಅಂತ ಹಾಕಿ. ಓದೋರಿಗೆ ನಿರ್ಧಾರ ಮಾಡೋಕೆ ಸುಲಭ ಆಗಬೇಕು.

ಆ ಒಂದು ನಿಮಿಷದ ವಿಡಿಯೋದಲ್ಲಿ ಏನಿರಬೇಕು? ಹಾಡು ಹಾಕಿ, ಚಕ್‌ಚಕ್ ಅಂತ ಕಟ್ ಮಾಡಿದ ರೀಲ್ಸ್ ಬೇಡ. ಅದು ಎಡಿಟರ್ ಕೈಚಳಕ. ಆಪರೇಟರ್ ಹುಡುಕ್ತಿರೋರಿಗೆ ಕಾಣಬೇಕಾಗಿರೋದು ನಿಮ್ಮ ನಡಿಗೆ. ಕಟ್ ಇಲ್ಲದ ಮೂರು ಶಾಟ್ ಸಾಕು. ಒಬ್ಬರ ಹಿಂದೆ ಬಾಗಿಲು ದಾಟಿ ಒಳಗೆ ಹೋಗೋದು, ಒಂದು ಮೆಟ್ಟಿಲು, ಮುಖದ ಮುಂದೆ ಹಿಂದಕ್ಕೆ ನಡೆಯೋದು. ಇದಕ್ಕೆ ಮದುವೆನೇ ಬೇಕಿಲ್ಲ, ನಿಮ್ಮ ತಂಗಿ ಕಾಲೇಜಿಗೆ ಹೊರಡೋದನ್ನ ತೆಗೀರಿ. ಮದುವೆ ಫುಟೇಜ್ ಹಾಕೋದಾದ್ರೆ ಸ್ಟುಡಿಯೋ ಮತ್ತು ಆ ಮನೆಯವರನ್ನ ಕೇಳಿ ಹಾಕಿ. ಯಾರದೋ ಮನೆ ಹೆಣ್ಣುಮಕ್ಕಳ ಮುಖ ನಿಮ್ಮ ಜಾಹೀರಾತಲ್ಲ.

ಆಷಾಢದಲ್ಲಿ ಏನ್ ಮಾಡೋದು? ಫ್ಲಾಟ್ ಮಾರೋರಿಗೆ ಮನೆಯೊಳಗೆ ನಡೆದು ತೋರಿಸೋ ವಿಡಿಯೋ ಬೇಕು, ಅದು ಪೂರ್ತಿ ಗಿಂಬಲ್ ಕೆಲಸ. ಕಂಪನಿ ಕಾರ್ಯಕ್ರಮ, ಕಾಲೇಜು ಪ್ರಚಾರದ ವಿಡಿಯೋ, ಹೋಟೆಲ್, ಯೂಟ್ಯೂಬ್ ಚಾನೆಲ್. ಸಿನಿಮಾ, ಜಾಹೀರಾತು ಕಡೆ ಹೋಗೋ ಆಸೆ ಇದ್ರೆ ದಾರಿ ಬೇರೆ. ನಮ್ಮಲ್ಲಿ ಕ್ಯಾಮೆರಾ ಬಾಡಿಗೆ ಸಂಸ್ಥೆಯಿಂದ ಸೆಟ್ಟಿಗೆ ಉಪಕರಣ ಹೋದಾಗ ಜೊತೆಗೆ ಅಟೆಂಡೆಂಟ್ ಹೋಗ್ತಾರೆ. ಆ ಕೆಲಸಕ್ಕೆ ಸಂಬಳ ಕಡಿಮೆ, ದಿನ ಉದ್ದ. ಆದ್ರೆ ದೊಡ್ಡ ರಿಗ್‌ಗಳನ್ನ ದಿನಾ ಕಟ್ಟಿ ಬಿಚ್ಚೋ ಅವಕಾಶ ಅಲ್ಲಿದೆ, ಛಾಯಾಗ್ರಾಹಕರು ನಿಮ್ಮ ಮುಖ ನೋಡ್ತಾರೆ. ಸ್ಟೆಡಿಕ್ಯಾಮ್ ಕಲಿಯೋ ಆಸೆ ಇರೋರಿಗೆ ಇದು ಒಂದು ಗಟ್ಟಿ ದಾರಿ. ಸ್ವಂತ ಸ್ಟೆಡಿಕ್ಯಾಮ್ ತಗೊಂಡು ಕಲಿಯೋದು ನಮ್ಮಂಥೋರ ಜೇಬಿಗೆ ಸಾಧ್ಯ ಇಲ್ಲದ ಮಾತು.

ಇನ್ನು ದುಡ್ಡು ವಸೂಲಿ. ಯಾವ ರೀಲ್ಸ್‌ನಲ್ಲೂ ಬರದ ಭಾಗ ಇದು.

ಬಿಲ್‌ನಲ್ಲಿ ಎರಡು ಸಾಲು ಬರೀರಿ. ಒಂದು, ಆಪರೇಟರ್ ಫೀ. ಎರಡು, ಉಪಕರಣದ ಬಾಡಿಗೆ. ಗಿಂಬಲ್ ನಿಮ್ಮದೇ ಆದ್ರೂ ಬರೀರಿ. ಅವರು ಚೌಕಾಸಿ ಮಾಡಿದಾಗ ‘ಸರಿ, ಗಿಂಬಲ್ ನೀವೇ ತನ್ನಿ, ಎರಡನೇ ಸಾಲು ತೆಗೀತೀನಿ’ ಅನ್ನಬಹುದು. ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿದ್ರೆ ಅವರು ಕಡಿಮೆ ಮಾಡೋದು ನಿಮ್ಮ ಮೊಣಕಾಲಿನ ಬೆಲೆ.

ಕಂಪನಿ ಕೆಲಸ ಮಾಡಿದ್ರೆ ಟಿಡಿಎಸ್ ಬರುತ್ತೆ. ವೃತ್ತಿಪರ ಸೇವೆ ಅಂತ ಲೆಕ್ಕ ಹಾಕಿದ್ರೆ ಶೇ. 10. ಒಂದೇ ಕಂಪನಿಯಿಂದ ವರ್ಷಕ್ಕೆ 50 ಸಾವಿರ ದಾಟಿದಾಗ ಇದು ಹಿಡೀತಾರೆ, 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30 ಸಾವಿರ ಇತ್ತು. 60 ಸಾವಿರದ ಬಿಲ್‌ಗೆ 54 ಸಾವಿರ ಬಂತು ಅಂದ್ರೆ ಮೋಸ ಅಂದ್ಕೋಬೇಡಿ. ಉಳಿದ 6 ಸಾವಿರ ನಿಮ್ಮ ಪಾನ್ ಹೆಸರಲ್ಲಿ ಸರ್ಕಾರದ ಹತ್ರ ಇದೆ. ನಿಮ್ಮ ಆದಾಯಕ್ಕೆ ತೆರಿಗೆ ಬರಲ್ಲ ಅಂದ್ರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ರಿಟರ್ನ್ ಹಾಕದೇ ಇದ್ರೆ ಆ ದುಡ್ಡು ಅಲ್ಲೇ ಕೂತಿರುತ್ತೆ. ಜಿಎಸ್‌ಟಿ ಬಗ್ಗೆ ಹೆದರಿಸ್ತಾರೆ. ಸೇವೆ ಕೊಡೋರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೂ ನೋಂದಣಿ ಕಡ್ಡಾಯ ಅಲ್ಲ.

ಇನ್ನೊಂದು, ಉದ್ಯಮ್ ನೋಂದಣಿ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್, ಪಾನ್ ಇಟ್ಕೊಂಡು ಮೊಬೈಲಲ್ಲೇ ಮಾಡಬಹುದು, ಒಂದು ರೂಪಾಯಿ ಇಲ್ಲ. ದುಡ್ಡು ಕೇಳೋ ವೆಬ್‌ಸೈಟ್ ಕಂಡ್ರೆ ಹೊರಗೆ ಬನ್ನಿ. ಇದರಿಂದ ಏನು ಉಪಯೋಗ ಅಂದ್ರೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿಮ್ಮ ಹತ್ರ ಸೇವೆ ತಗೊಂಡ ವ್ಯವಹಾರಸ್ಥರು, ಬರಹದಲ್ಲಿ ಒಪ್ಪಂದ ಇದ್ರೂ 45 ದಿನಕ್ಕಿಂತ ಜಾಸ್ತಿ ಎಳೆಯೋ ಹಾಗಿಲ್ಲ. ಒಪ್ಪಂದ ಇಲ್ಲದಿದ್ರೆ 15 ದಿನ. ದಾಟಿದ್ರೆ ಬಡ್ಡಿ ಕೊಡಬೇಕು, ಬ್ಯಾಂಕ್ ದರದ ಮೂರು ಪಟ್ಟು.

ನನ್ನದೇ ಒಂದು ವಿಷಯ ಹೇಳ್ತೀನಿ, ಹೆಸರು ಬೇಡ. ಒಂದು ಸ್ಟುಡಿಯೋ, ನಾಲ್ಕು ಮದುವೆ, 32 ಸಾವಿರ. ಮಾಘದಲ್ಲಿ ಮಾಡಿದ ಕೆಲಸ, ಆಷಾಢ ಬಂದ್ರೂ ದುಡ್ಡಿಲ್ಲ. ಫೋನ್ ಮಾಡಿದ್ರೆ ‘ಪಾರ್ಟಿ ಇನ್ನೂ ಕೊಟ್ಟಿಲ್ಲ’. ಆಲ್ಬಮ್ ಕೊಟ್ಟಾಗಿದೆ, ಮದುಮಗಳು ಇನ್‌ಸ್ಟಾಗ್ರಾಂನಲ್ಲಿ ನಾನು ತೆಗೆದ ಶಾಟ್ ಹಾಕಿದ್ದಾಳೆ, ಹಾರ್ಟ್ ಸುರಿಮಳೆ. ನನ್ನ ರೂಮಿನ ಓನರ್‌ಗೆ ಹಾರ್ಟ್ ಕೊಟ್ರೆ ಆಗಲ್ಲವಲ್ಲ. ಕೆಲಸಕ್ಕೆ ಮುಂಚೆ ತಾರೀಕು, ಮೊತ್ತ ಎಲ್ಲಾ ವಾಟ್ಸ್ಆ್ಯಪ್‌ನಲ್ಲಿ ಬರೆದು ‘ಓಕೆ’ ತಗೊಂಡಿದ್ದೆ, ಬಿಲ್ ಮೇಲೆ ಉದ್ಯಮ್ ನಂಬರ್ ಇತ್ತು. ಜಗಳ ಆಡಲಿಲ್ಲ. ಎಷ್ಟು ದಿನ ಆಯ್ತು, ಕಾಯ್ದೆ ಪ್ರಕಾರ ಬಡ್ಡಿ ಎಷ್ಟು ಅಂತ ಲೆಕ್ಕ ಮಾಡಿ, ಎಂಎಸ್‌ಎಂಇ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕೋ ಅವಕಾಶ ಇದೆ ಅಂತ ಮರ್ಯಾದೆಯಿಂದ ಒಂದು ಮೆಸೇಜ್ ಬರೆದೆ. ಎರಡು ಕಂತಲ್ಲಿ ದುಡ್ಡು ಬಂತು. ಬಡ್ಡಿ ಬರಲಿಲ್ಲ. ಆ ಸ್ಟುಡಿಯೋದಿಂದ ಮತ್ತೆ ಕೆಲಸವೂ ಬರಲಿಲ್ಲ. ಆ ಎರಡು ತಿಂಗಳು ಈ ಪಾಡ್‌ಕಾಸ್ಟ್‌ನ ಸಂಚಿಕೆ ಕಡಿಮೆ ಬಂದಿತ್ತು, ಕೆಲವರು ಕೇಳಿದ್ರಿ ಯಾಕೆ ಅಂತ. ಅದೇ ಕಾರಣ. ನೆನಪಿರ್ಲಿ, ಉದ್ಯಮ್ ನೋಂದಣಿ ಕೆಲಸ ಮಾಡೋಕೆ ಮುಂಚೆನೇ ಆಗಿರಬೇಕು, ಜಗಳ ಆದಮೇಲೆ ಮಾಡಿಸಿದ್ರೆ ಪ್ರಯೋಜನ ಇಲ್ಲ.

ಕೊನೆಯದಾಗಿ ದೇಹ. ಗಿಂಬಲ್, ಕ್ಯಾಮೆರಾ, ಲೆನ್ಸ್ ಸೇರಿ ಮೂರು ಕೆ.ಜಿ. ಇದೇನು ಭಾರ ಅನ್ಸುತ್ತೆ. ಕೈ ಮುಂದಕ್ಕೆ ಚಾಚಿ ಮೂರು ಲೀಟರ್ ನೀರು ಹತ್ತು ನಿಮಿಷ ಹಿಡ್ಕೊಂಡು ನಿಂತು ನೋಡಿ. ಮದುವೆ ಅಂದ್ರೆ ಮುಂಜಾನೆ ಐದಕ್ಕೆ ಶುರು, ಆರತಕ್ಷತೆ ಮುಗಿಯೋದು ರಾತ್ರಿ ಹನ್ನೊಂದಕ್ಕೆ. ಸಿನಿಮಾ ಕ್ಯಾಮೆರಾ ಹಾಕಿದ ಸ್ಟೆಡಿಕ್ಯಾಮ್ 20 ಕೆ.ಜಿ. ದಾಟೋದು ಸಾಮಾನ್ಯ. ಮೊಣಕೈ ಮೈಗೆ ಹತ್ತಿರ ಇರಲಿ, ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಿ, ಶಾಟ್ ಇಲ್ಲದಾಗ ಗಿಂಬಲ್ ಕೆಳಗಿಡಿ. ‘ಹೀರೋ ಥರ ಹಿಡ್ಕೊಂಡೇ ಓಡಾಡ್ತೀನಿ’ ಅಂದವರ ಸೊಂಟ ಮೂವತ್ತಕ್ಕೇ ಮಾತಾಡುತ್ತೆ. ಒಳ್ಳೆ ಶೂ ತಗೊಳ್ಳಿ, ಗಿಂಬಲ್‌ಗಿಂತ ಮುಂಚೆ. ಛತ್ರದಲ್ಲಿ ಮೊದಲ ಪಂಕ್ತಿಯಲ್ಲೇ ಊಟ ಮಾಡಿ, ಆಮೇಲೆ ಅಂದ್ರೆ ಅದು ಆಗಲ್ಲ.

ವಿಮಾನದಲ್ಲಿ ಹೋಗೋ ಕೆಲಸ ಬಂದ್ರೆ, ಬರಲಿ ಅಂತ ಹಾರೈಸ್ತೀನಿ, ಬಿಡಿ ಲಿಥಿಯಂ ಬ್ಯಾಟರಿಗಳನ್ನ ಚೆಕ್-ಇನ್ ಬ್ಯಾಗಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಬೇಕು.

ಸರಿ, ಇವತ್ತಿಗೆ ಇಷ್ಟು. ಉದ್ಯಮ್ ನೋಂದಣಿ ಹಂತ ಹಂತವಾಗಿ ಹೇಗೆ ಮಾಡೋದು ಅಂತ ಮುಂದಿನ ಸಂಚಿಕೆಯಲ್ಲಿ ಮಾಡ್ತೀನಿ, ಪಾನ್ ಕಾರ್ಡ್ ಹತ್ರ ಇಟ್ಕೊಂಡು ಕೇಳಿ. ನಿಮ್ಮ ಊರಲ್ಲಿ ಗಿಂಬಲ್ ಬಾಡಿಗೆ ದಿನಕ್ಕೆ ಎಷ್ಟು, ಆಪರೇಟರ್‌ಗೆ ಎಷ್ಟು ಕೊಡ್ತಾರೆ ಅಂತ ಊರಿನ ಹೆಸರು ಹಾಕಿ ಮೆಸೇಜ್ ಮಾಡಿ. ಸ್ಟುಡಿಯೋ ಹೆಸರು ಬೇಡ, ರೇಟು ಮಾತ್ರ. ಬೀದರ್‌ನಿಂದ ಚಾಮರಾಜನಗರದವರೆಗೆ ಒಂದು ಪಟ್ಟಿ ಆದ್ರೆ ಹೊಸದಾಗಿ ಶುರು ಮಾಡೋರು ಎಷ್ಟು ಕೇಳಬೇಕು ಅಂತ ತಡವರಿಸಬೇಕಾಗಿಲ್ಲ. ಸಿಗೋಣ, ಹುಷಾರು.